ಲೋಕಸ್ಟ್ ನಂಬಿ ಕೆಟ್ಟಿಲ್ಲ: ನನ್ನ ಅನುಭವ

ಮೆಕ್ ಅನ್ನೋ ದೈತ್ಯ ರೋಬೋಗಳ ಕಾದಾಟದ ಗೇಮ್ ಮೆಕ್‌ವಾರಿಯರ್ ಆನ್‌ಲೈನ್‌ನಲ್ಲಿ ಲೋಕಸ್ಟ್ ಅನ್ನೋ ಪುಟ್ಟ ಮೆಕ್ ಇಟ್ಟುಕೊಂಡು ಆಡ್ತೀನಿ ಅಂದಾಗ ನಮ್ಮ ಗ್ಯಾಂಗಿನವರೆಲ್ಲ ನಕ್ಕಿದ್ದರು. "20 ಟನ್ ಸೊಳ್ಳೆ, ಒಂದು ಏಟಿಗೆ ಹೋಗುತ್ತೆ ಗುರು." ಈಗ ಅವರೇ ಮ್ಯಾಚ್ ಶುರುವಾದ ತಕ್ಷಣ "ಸೊಳ್ಳೆ ಎಲ್ಲಿ, ಶತ್ರುಗಳ ಹಿಂದಕ್ಕೆ ಕಳ್ಸು" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲೈಟ್ (ಹಗುರ ಮೆಕ್) ಬೇಕಾದರೆ 35 ಟನ್ನಿಂದ ಶುರು ಮಾಡು ಅನ್ನೋದು ಎಲ್ಲರ ಸಲಹೆ. ಹಾಗೇ ಜೆನ್ನರ್ ತಗೊಂಡೆ. ಹೊಸಬರಿಗೆ ಮೊದಲ 25 ಮ್ಯಾಚಿಗೆ ಸಿಗುವ ಕೆಡೆಟ್ ಬೋನಸ್ ಅದರಲ್ಲೇ ಕರಗಿತು. ಮೆಕ್ ರೇಟು ನೋಡಿ ಅಗ್ಗ ಅಂದುಕೊಳ್ಳಬೇಡಿ. ಬಿಸಿ ಇಳಿಸುವ ಡಬಲ್ ಹೀಟ್‌ಸಿಂಕಿಗೆ 15 ಲಕ್ಷ ಸಿ-ಬಿಲ್ (ಗೇಮಿನ ದುಡ್ಡು), XL300 ಅನ್ನೋ ಹಗುರ ಎಂಜಿನ್ನಿಗೆ ಹತ್ತಿರ ಹತ್ತಿರ 50 ಲಕ್ಷ, ಆಮೇಲೆ ತೂಕ ಉಳಿಸುವ ಎಂಡೋ ಚೌಕಟ್ಟು, ಫೆರೋ ಆರ್ಮರ್. ಇಷ್ಟೆಲ್ಲ ಸುರಿದರೂ ಓಟ ಗಂಟೆಗೆ 140 ಕಿ.ಮೀ. ಒಳಗೇ. ಮೈ ಕೂಡ ದೊಡ್ಡದು, ಸ್ಟ್ರೀಕ್ (ತಾನಾಗೇ ಗುರಿ ಹಿಡಿಯುವ ಮಿಸೈಲ್) ಹಾಕಿಕೊಂಡವನ ಕೈಗೆ ಸಿಕ್ಕಿದರೆ ಮುಗಿಯಿತು. ಮೆಕ್ ಇಡುವ ಬೇ ಸಾಲದೆ ಅರ್ಧ ಬೆಲೆಗೆ ಮಾರಿದೆ. ಎಂಜಿನ್ ಮಾತ್ರ ಬಿಚ್ಚಿಟ್ಟುಕೊಂಡೆ. ಮಾರುವಾಗ ಎಂಜಿನ್ ಜೊತೆಗೇ ಕೊಟ್ಟುಬಿಡುವವರನ್ನು ಕಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಲೋಕಸ್ಟ್ 1E. ಸುಮಾರು 15 ಲಕ್ಷ. XL190 ಹಾಕಿದರೆ 150 ದಾಟುತ್ತೆ, ಓಟ ಹೆಚ್ಚಿಸುವ ಸ್ಪೀಡ್ ಟ್ವೀಕ್ ಸ್ಕಿಲ್ ಹಾಕಿದರೆ 160ರ ಆಚೆ. ಒಂದೇ XL190ನ್ನು ನನ್ನ ಎರಡು ಲೋಕಸ್ಟಿಗೂ ಬದಲಾಯಿಸಿ ಬದಲಾಯಿಸಿ ಹಾಕುತ್ತೇನೆ. ಆಡೋದು ಒಂದು ಸಲಕ್ಕೆ ಒಂದನ್ನೇ ಅಲ್ವಾ, ಸುಮ್ನೆ ಎರಡು ಎಂಜಿನ್ ಯಾಕೆ? XLನಲ್ಲಿ ಸೈಡ್ ಟಾರ್ಸೋ (ಎದೆಯ ಪಕ್ಕದ ಭಾಗ) ಹೋದರೆ ಸತ್ತೆವು ಅಂತ ಹೆದರಿಸುವವರಿದ್ದಾರೆ. ಲೋಕಸ್ಟಿನಲ್ಲಿ ಸೈಡ್ ಟಾರ್ಸೋ ಹೋಗುವ ಹೊತ್ತಿಗೆ ಉಳಿದದ್ದೇನು ಇರುತ್ತೆ ಹೇಳಿ!

1Eಗೆ ಆರು ಎನರ್ಜಿ ಹಾರ್ಡ್‌ಪಾಯಿಂಟ್, ಅಂದರೆ ಲೇಸರ್ ಕೂರಿಸುವ ಜಾಗ. ಮೊದಲು ಆರಕ್ಕೂ ಮೀಡಿಯಂ ಲೇಸರ್ ತುಂಬಿದೆ. ಆರರ ತನಕ ಗೋಸ್ಟ್ ಹೀಟ್ (ಒಟ್ಟಿಗೆ ಜಾಸ್ತಿ ಹೊಡೆದರೆ ಬೀಳುವ ಹೆಚ್ಚುವರಿ ಬಿಸಿ) ಇಲ್ಲ, 30 ಡ್ಯಾಮೇಜ್, ಕೇಳೋಕೆ ಚೆಂದ. ಆದರೆ 190 ಎಂಜಿನ್ನಿನ ಒಳಗೆ ಏಳೇ ಹೀಟ್‌ಸಿಂಕ್ ಕೂರೋದು, ಮೂರು ಹೊರಗೆ. ಎರಡು ಮೂರು ಸಲ ಒಟ್ಟಿಗೆ ಹೊಡೆಯೋಷ್ಟರಲ್ಲಿ ದೊಡ್ಡ ಮೆಕ್ ಅಟ್ಲಾಸಿನ ಬೆನ್ನ ಹಿಂದೆಯೇ ಬಿಸಿ ಏರಿ ಶಟ್‌ಡೌನ್. ಅವನು ನಿಧಾನಕ್ಕೆ ತಿರುಗಿ, ಗುರಿ ಇಟ್ಟು ಹೊಡೆಯುವವರೆಗೆ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತಿರಬೇಕು.

ಈಗ ಹಾಕೋದು ಸ್ಮಾಲ್ ಪಲ್ಸ್ ಲೇಸರ್. ದೂರ ಮುಟ್ಟಲ್ಲ, ಮೈ ಮೇಲೆ ಬೀಳುವಷ್ಟು ಹತ್ತಿರ ಹೋಗಬೇಕು. ಆದರೆ ಪಲ್ಸ್ ಬೇಗ ಮುಗಿಯುತ್ತೆ, ಹೊಡೆದ ಮರುಕ್ಷಣ ಮೈ ತಿರುಗಿಸಿ ಓಡಬಹುದು. ಬೆಂಗಳೂರಿನಿಂದ ಓಷಿಯಾನಿಯಾ ಸರ್ವರಿಗೆ ನನ್ನ ಪಿಂಗ್ (ಸಿಗ್ನಲ್ ಹೋಗಿ ಬರುವ ಹೊತ್ತು) ನೂರು ಮಿಲಿಸೆಕೆಂಡ್ ದಾಟುತ್ತೆ, ಹಾಗಾಗಿ SRM (ಹತ್ತಿರದ ಮಿಸೈಲ್) ನನಗೆ ಆಗಿಬರಲಿಲ್ಲ. ಲೇಸರ್ ಆದರೆ ಗುರಿ ಇಟ್ಟ ಕಡೆಗೇ ಬೀಳುತ್ತೆ. ಆರನ್ನೂ ಒಟ್ಟಿಗೆ ಹೊಡೆಯಲ್ಲ, ಎರಡು ಗ್ರೂಪ್ ಮಾಡಿದ್ದೇನೆ. ಯಾವ ಲೆಕ್ಕದಲ್ಲಿ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಆರ್ಮರ್: ಕಾಲಿಗೆ ಪೂರ್ತಿ. ಅದರಲ್ಲಿ ಕಂಜೂಸಿ ಮಾಡಬೇಡಿ. ಒಂದು ಕಾಲು ಮುರಿದ ಲೈಟ್ ಕುಂಟುತ್ತಾ ಎಲ್ಲರಿಗೂ ಗುರಿಯಾಗುತ್ತೆ. ಬೆನ್ನಿಗೆ ಎರಡೋ ಮೂರೋ ಪಾಯಿಂಟು ಸಾಕು, ಉಳಿದದ್ದು ಮುಂದಕ್ಕೆ. ದೊಡ್ಡ ಮೆಕ್‌ನವರೂ ಬೆನ್ನಿಗೆ ಕಡಿಮೆಯೇ ಇಡೋದು. ನಮ್ಮ ಹೊಟ್ಟೆಪಾಡು ನಡೆಯೋದೇ ಅದರಿಂದ.

ಮೆಕ್ಕಿನ ಕಸುವು ಹೆಚ್ಚಿಸುವ ಸ್ಕಿಲ್ ಟ್ರೀಯ 91 ನೋಡ್ ಸುರಿಯುವಾಗ ಎಲ್ಲರೂ ಫೈರ್‌ಪವರ್ ಕಡೆ ಓಡುತ್ತಾರೆ. ನಾನು ಮೊದಲು ಹಾಕಿದ್ದು ಶತ್ರುವಿನ ರಡಾರ್ ಲಾಕ್ ಬೇಗ ಬಿಡಿಸುವ ರಡಾರ್ ಡೆಪ್ರಿವೇಷನ್, ಆಮೇಲೆ ಸ್ಪೀಡ್ ಟ್ವೀಕ್. ಗೋಡೆ ಹಿಂದೆ ನುಗ್ಗಿದ ತಕ್ಷಣ ಲಾಕ್ ಬಿಟ್ಟುಹೋಗಬೇಕು, ಇಲ್ಲದಿದ್ದರೆ LRM (ದೂರದ ಮಿಸೈಲ್) ನವರು ಬಿಡಲ್ಲ. HPG ಮ್ಯಾನಿಫೋಲ್ಡ್ ಮ್ಯಾಪಿನ ನೆಲಮಾಳಿಗೆ ನನಗೆ ಅತ್ತೆ ಮನೆ ಇದ್ದಂತೆ, ಯಾವಾಗ ಬೇಕಾದರೂ ಹೋಗಿ ಬರುತ್ತೇನೆ. ಬಯಲು ಮ್ಯಾಪು ಪೋಲಾರ್ ಹೈಲ್ಯಾಂಡ್ಸ್ ಬಂದರೆ ಮಾತ್ರ ಜೀವ ಕೈಯಲ್ಲಿ.

ನಡುವೆ ಪಿರಾನಾ ಅನ್ನೋ ಮೆಕ್ ಕೂಡ ನೋಡಿದೆ. ಅದೂ 20 ಟನ್ನೇ, 12 ಮೆಷಿನ್ ಗನ್. ಆರ್ಮರ್ ಒಡೆದ ಜಾಗ ಸಿಕ್ಕಿದರೆ ಒಳಗಿರೋದನ್ನೆಲ್ಲ ಪುಡಿ ಮಾಡುತ್ತೆ. ಆದರೆ ಗುರಿ ಬಿಡದೆ ಶತ್ರುವಿನ ಮೇಲೇ ಮುಖ ಇಟ್ಟುಕೊಂಡಿರಬೇಕು, ನನಗೆ ಅಷ್ಟು ಧೈರ್ಯ ಸಾಲದು. ಅರ್ಬನ್‌ಮೆಕ್ ತಗೊಂಡಿದ್ದು ಬರೀ ಮಜಾಕ್ಕೆ. ಡಬ್ಬಾ ಥರ ಇದೆ, ಮಾರೋಕೆ ಮನಸ್ಸು ಬರ್ತಿಲ್ಲ.

ಆದಾಯ ಕೇಳುತ್ತೀರಿ ಅಂತ ಗೊತ್ತು. ಒಳ್ಳೆ ಮ್ಯಾಚಿಗೆ 400ರ ಆಸುಪಾಸು ಡ್ಯಾಮೇಜ್, ಎರಡು ಮೂರು ಕಿಲ್, ಒಂದೂವರೆ ಲಕ್ಷ ಸಿ-ಬಿಲ್ ಬರುತ್ತೆ. ಶತ್ರುಗಳನ್ನು ತೋರಿಸುವ UAV ಡ್ರೋನ್ ಒಂದಕ್ಕೆ 40 ಸಾವಿರ ಖರ್ಚು, ಆದರೆ ಸರಿಯಾದ ಜಾಗದಲ್ಲಿ ಹಾರಿಸಿದರೆ ಬಹುಪಾಲು ವಾಪಸ್ಸು. ಇಷ್ಟು ವರ್ಷದಲ್ಲಿ ಕೈಯಿಂದ ಒಂದು ರೂಪಾಯಿ ಹಾಕಿಲ್ಲ. ಈಗ ರೇವನ್ 3L ಮೇಲೆ ಕಣ್ಣು, ರಡಾರಿನಿಂದ ಮರೆಮಾಡುವ ECM ಇದೆ, ಶತ್ರುವಿಗೆ ಅಂಟಿಸಿ ಮಿಸೈಲಿಗೆ ದಾರಿ ತೋರಿಸುವ ನಾರ್ಕ್ ಹಾಕಬಹುದು. 35 ಟನ್ ಮತ್ತೆ ಯಾಕೆ ಅಂತ ಗ್ಯಾಂಗಿನವರು ರೇಗಿಸುತ್ತಿದ್ದಾರೆ. ಜೆನ್ನರಿನಿಂದ ಬಿಚ್ಚಿಟ್ಟ ಎಂಜಿನ್ ಅದಕ್ಕೆ ಹಿಡಿಸದಿದ್ದರೆ ಇನ್ನೊಂದು XLಗೆ ಮತ್ತೆ ದುಡ್ಡು ಕೂಡಿಹಾಕಬೇಕು.