ಮೊದಲು ಸೀಟು, ಆಮೇಲೆ ಪಿನ್ನು

ಕಲಬುರಗಿಯಲ್ಲಿ ಬೇಸಿಗೆ ಶುರುವಾದರೆ ಜಿಮ್ಮಿನ ಟೈಮೇ ಬದಲಾಗುತ್ತದೆ. ಬಿಸಿಲು 42 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ ಕಬ್ಬಿಣ ಮುಟ್ಟುವವರು ಯಾರು? ಎಲ್ಲರೂ ಬೆಳಗ್ಗೆ ಆರಕ್ಕೇ ಹಾಜರು. ಒಬ್ಬ ಏಳುವುದೇ ತಡ, ಇನ್ನೊಬ್ಬ ಅದೇ ಸೀಟಿನಲ್ಲಿ ಹಾಗೇ ಕೂತು, ತೂಕ ಆರಿಸುವ ಪಿನ್ನನ್ನು ಎರಡು ಪ್ಲೇಟ್ ಕೆಳಗೆ ಚುಚ್ಚುತ್ತಾನೆ.

ನಾನೂ ಹಾಗೇ ಕೂತವನು. ಕಾಲು ಮುಂದಕ್ಕೆ ಚಾಚುವ ಲೆಗ್ ಎಕ್ಸ್‌ಟೆನ್ಷನ್ ಮಷೀನು. ನನಗಿಂತ ಅರ್ಧ ಅಡಿ ಎತ್ತರದ ಹುಡುಗ ಎದ್ದುಹೋಗಿದ್ದ. ಆಮೇಲೆ ಮೂರು ವಾರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ಟ್ರೇನರ್ ಹುಡುಗ ನೋಡಿ ಹೇಳಿದ್ದು ಇಷ್ಟೇ: "ಅಂಕಲ್, ತೂಕದ ಮಾತು ಆಮ್ಯಾಲ. ಮೊದ್ಲ ಸೀಟ್ ನೋಡ್ರಿ."

ಅವನು ತೋರಿಸಿದ್ದು ಮಷೀನಿನ ತೋಳು ತಿರುಗುವ ಜಾಗ, ಅಂದರೆ ಕೀಲು. ಎಷ್ಟೋ ಮಷೀನುಗಳಲ್ಲಿ ಅಲ್ಲೊಂದು ಬಣ್ಣದ ಗುರುತೂ ಇರುತ್ತದೆ. ಕೂತಾಗ ನಿಮ್ಮ ಮೊಣಕಾಲು ಅದರ ನೇರಕ್ಕೇ ಬರಬೇಕು. ಹಿಂದೆ ಮುಂದೆ ಆದರೆ ಮಷೀನು ಒಂದು ಕಡೆ ತಿರುಗುತ್ತದೆ, ಮಂಡಿ ಇನ್ನೊಂದು ಕಡೆ. ಬೆನ್ನಿನ ದಿಂಬು ಸರಿಸಿ ಹೊಂದಿಸಿಕೊಳ್ಳಿ. ಕೈಯಿಂದ ಮುಂದಕ್ಕೆ ತಳ್ಳುವ ಚೆಸ್ಟ್ ಪ್ರೆಸ್‌ನಲ್ಲಿ ಹಿಡಿಕೆ ಎದೆಯ ನಡುಮಟ್ಟಕ್ಕಿರಲಿ. ಭುಜಕ್ಕಿಂತ ಮೇಲಿದ್ದರೆ ಸೀಟು ತಗ್ಗಿನಲ್ಲಿದೆ ಎಂದರ್ಥ. ಮೇಲಿನ ರಾಡನ್ನು ಕೆಳಗೆಳೆಯುವ ಲ್ಯಾಟ್ ಪುಲ್‌ಡೌನ್‌ನಲ್ಲಿ ತೊಡೆ ಮೇಲಿನ ದಿಂಬು ಬಿಗಿಯಾಗಿರಬೇಕು, ಇಲ್ಲವೆಂದರೆ ತೂಕವೇ ನಿಮ್ಮನ್ನು ಮೇಲೆತ್ತುತ್ತದೆ. ರಾಡನ್ನು ಎದೆಯ ಕಡೆಗೇ ಎಳೆಯಿರಿ. ಕತ್ತಿನ ಹಿಂದಕ್ಕೆ ಎಳೆಯುವುದು ಭುಜಕ್ಕೆ ಸುಮ್ನೆ ತೊಂದರೆ.

ಈಗ ಪಿನ್ನು. ಪೂರ್ತಿ ಒಳಗೆ ಹೋಗಬೇಕು, ಅರ್ಧಕ್ಕೆ ನಿಲ್ಲಬಾರದು. ಪಿನ್ ಕಳೆದುಹೋಗಿದೆ ಎಂದು ಸ್ಕ್ರೂಡ್ರೈವರ್ ತೂರಿಸುವ ಜಾಣರಿದ್ದಾರೆ, ಅಂಥ ಮಷೀನಿನ ಹತ್ತಿರವೂ ಹೋಗಬೇಡಿ. ಕೇಬಲ್ಲಿನ ಪ್ಲಾಸ್ಟಿಕ್ ಹರಿದು ತಂತಿ ಕಾಣುತ್ತಿದ್ದರೂ ಅಷ್ಟೇ. ಪ್ಲೇಟ್ ಸಿಕ್ಕಿಹಾಕಿಕೊಂಡರೆ ನಡುವೆ ಕೈ ಹಾಕದೆ ಜಿಮ್ಮಿನವರನ್ನು ಕರೆಯಿರಿ.

ತೂಕ ಎಷ್ಟು? ಹನ್ನೆರಡು ಸಲ ಎತ್ತಿದ ಮೇಲೂ ಇನ್ನೆರಡು ಸಲ ಎತ್ತಬಹುದು ಅನ್ನಿಸುವಷ್ಟು. ಪ್ಲೇಟಿನ ಮೇಲಿನ ಅಂಕಿ ಕೆಲವೆಡೆ ಕೆಜಿ, ಕೆಲವೆಡೆ ಪೌಂಡು. ಒಂದು ಕೆಜಿ ಅಂದರೆ 2.2 ಪೌಂಡು. ರಾಟೆಗಳ ಲೆಕ್ಕವೂ ಬೇರೆ ಬೇರೆ, ಹಾಗಾಗಿ ಒಂದು ಮಷೀನಿನ 40 ಇನ್ನೊಂದರ 40 ಅಲ್ಲ. ಪಕ್ಕದವನ ಪಿನ್ ಎಲ್ಲಿದೆ ಎಂದು ನೋಡುವುದರಲ್ಲಿ ಅರ್ಥವಿಲ್ಲ.

ಎತ್ತುವಾಗ ಎರಡು ಎಣಿಸಿ, ಇಳಿಸುವಾಗ ಮೂರು. ಪ್ಲೇಟುಗಳು ಠಣ್ ಎಂದರೆ ನೀವು ಇಳಿಸಿಲ್ಲ, ಬೀಳಿಸಿದ್ದೀರಿ. ಇಳಿಸುವಾಗಲೂ ಸ್ನಾಯು ದುಡಿಯುತ್ತದೆ, ಆ ಅರ್ಧ ಕೆಲಸ ಬಿಟ್ಟುಕೊಡುವುದೇಕೆ? ತಳ್ಳುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಕಾಲಿನಿಂದ ತೂಕ ತಳ್ಳುವ ಲೆಗ್ ಪ್ರೆಸ್ ಬಗ್ಗೆ ಇನ್ನೊಂದು ಮಾತು. ತೂಕ ಜಾಸ್ತಿ ತಳ್ಳಬಹುದಾದ ಮಷೀನು ಅದು, ಹುರುಪೂ ಅಲ್ಲೇ ಜಾಸ್ತಿ. ಕಾಲು ಚಾಚಿದಾಗ ಮಂಡಿ ಪೂರ್ತಿ ಸೆಟೆಸಬೇಡಿ, ಸ್ವಲ್ಪ ಬಾಗಿರಲಿ. ಮಡಚುವಾಗ ಸೊಂಟ ಸೀಟು ಬಿಟ್ಟು ಮೇಲೇಳುವ ಮುಂಚೆಯೇ ನಿಲ್ಲಿಸಿ. ಏಳುವ ಮುನ್ನ ಸೇಫ್ಟಿ ಲಿವರ್ ಹಾಕಿದ್ದು ಕಣ್ಣಾರೆ ನೋಡಿಕೊಳ್ಳಿ.

ಶುರುವಿಗೆ ಎರಡು ಸೆಟ್ (ಆ ಹನ್ನೆರಡು ಸಲ ಎತ್ತಿದರೆ ಒಂದು ಸೆಟ್), ವಾರಕ್ಕೆ ಎರಡು ಮೂರು ದಿನ ಸಾಕು. ಅದೇ ಸ್ನಾಯುವಿಗೆ ಮತ್ತೆ ಕೆಲಸ ಕೊಡುವ ಮುಂಚೆ 48 ಗಂಟೆ ಬಿಡಿ. ಮಾರನೇ ದಿನ ಮೈಕೈ ನೋವು ಸಹಜ, ಕೀಲಿನಲ್ಲಿ ಚುಚ್ಚಿದರೆ ಅಲ್ಲ. ಎದೆ ಹಿಂಡಿದಂತಾದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ನಮ್ಮ ಬಿಸಿಲಿಗೆ ನೀರಿನ ಬಾಟಲಿ ಬೇಕೇ ಬೇಕು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ.

ಮುಗಿಸಿ ಏಳುವಾಗ ಸೀಟಿನ ಬೆವರು ಒರೆಸಿ, ಪಿನ್ನನ್ನು ಮೇಲಿನ ಪ್ಲೇಟಿಗೆ ತಂದಿಡಿ. ಹಿಂದೆ ನನ್ನಂಥ ಅಂಕಲ್ ಒಬ್ಬ ನಿಂತಿರುತ್ತಾನೆ, ನೋಡದೇ ಕೂರುವವನು.