ಅರ್ಧಕ್ಕೆ ಓದು ಬಿಟ್ಟವರನ್ನು ಪರೀಕ್ಷೆಗೆ ಕೂರಿಸುವುದು ಹೇಗೆ?

ನಮ್ಮವರೂ ನಾನೂ ಮಿಷನ್ ಸೇವೆಯಲ್ಲಿರುವವರು. ಕೆಲಸ ಹುಡುಕಿಕೊಂಡು ನಮ್ಮ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಅರ್ಜಿಯ ಒಂದೇ ಸಾಲಿನಲ್ಲಿ ನಿಂತುಬಿಡುತ್ತಿದ್ದರು. ಅದು 'ವಿದ್ಯಾರ್ಹತೆ' ಎಂಬ ಸಾಲು. ಅಲ್ಲಿ ಬರೆಯಲು ಅವರ ಬಳಿ ಏನೂ ಇರುತ್ತಿರಲಿಲ್ಲ. ಹಾಗಾಗಿ ಅವರ ಶಾಲೆ ಮುಗಿಸಿಕೊಡುವುದೇ ನಮ್ಮ ಕೆಲಸವಾಯಿತು. ಇದಕ್ಕೆ ಇಳಿಯಬೇಕು ಅಂದುಕೊಂಡಿರುವ ದಂಪತಿಗಳಿಗೆ ನಾವು ಮಾಡುವ ರೀತಿಯನ್ನು ಹೇಳುತ್ತೇನೆ.

ಮೊದಲ ದಿನ ಪುಸ್ತಕ ತೆಗೆಯಬೇಡಿ. ಎಷ್ಟು ಮಾರ್ಕ್ಸ್ ಬರುತ್ತಿತ್ತು ಅಂತಲೂ ಕೇಳಬೇಡಿ. "ಶಾಲೆಗೆ ಹೋದ ಕೊನೆಯ ದಿನ ನೆನಪಿದೆಯಾ ಅಣ್ಣಾ?" ಎಂದು ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಅಪ್ಪ ತೀರಿಕೊಂಡರು, ತಂಗಿಯರನ್ನು ನೋಡಿಕೊಳ್ಳಬೇಕಿತ್ತು, ಲೆಕ್ಕ ತಪ್ಪಿದಾಗ ಇಡೀ ತರಗತಿ ನಕ್ಕಿತು. ತಲೆಗೆ ಹತ್ತದೆ ಬಿಟ್ಟವರು ನಮಗೆ ಸಿಕ್ಕಿದ್ದು ತೀರಾ ಕಡಿಮೆ. ಏನೋ ಒಂದು ಅಡ್ಡ ಬಂದಿರುತ್ತದೆ. ಅದು ಇವತ್ತಿಗೂ ಅಡ್ಡ ಇದೆಯಾ ಅಂತ ತಿಳಿದುಕೊಂಡರೆ ಮುಂದಿನ ದಾರಿ ಗೊತ್ತಾಗುತ್ತದೆ.

ಎರಡನೇ ಭೇಟಿಯಲ್ಲಿ ಕಾಗದಪತ್ರ ನೋಡಿ. ಹಳೆಯ ಅಂಕಪಟ್ಟಿ, ಟಿಸಿ, ಗುರುತಿನ ಚೀಟಿ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರಿನ ಒಂದೊಂದು ಅಕ್ಷರವನ್ನೂ ಹುಟ್ಟಿದ ತಾರೀಖನ್ನೂ ಹೋಲಿಸಿ. ನಾವು ಮೊದಲ ಸಲ ಹೀಗೆ ಮಾಡಲಿಲ್ಲ. ಉತ್ಸಾಹದಲ್ಲಿ ನೇರ ಪಾಠಕ್ಕೆ ಇಳಿದೆವು. ಹೆಸರಲ್ಲಿ ಒಂದಕ್ಷರ ಬೇರೆ ಇತ್ತು ಅಂತ ಒಬ್ಬ ಅಕ್ಕನ ಅರ್ಜಿ ವಾಪಸ್ ಬಂತು. ತಿದ್ದಿಸುವಷ್ಟರಲ್ಲಿ ಆ ಸಲದ ಪರೀಕ್ಷೆ ಮುಗಿದೇ ಹೋಗಿತ್ತು. ಆಕೆ ಅಳಲಿಲ್ಲ, "ಬಿಡಿ ಅಮ್ಮಾ, ನನ್ನ ಹಣೆಬರಹವೇ ಇಷ್ಟು" ಎಂದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಯಾವ ಪರೀಕ್ಷೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ, ಶಾಲೆಗೆ ಹೋಗದೆಯೇ ಓದಿ ಪರೀಕ್ಷೆ ಬರೆಯಲು, 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಶುರುವಾದ ಸಂಸ್ಥೆ ಇದೆ, ಈಗ ಅದರ ಹೆಸರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ). ಅಮೆರಿಕದಲ್ಲಿ ಜಿಇಡಿ ಎಂಬ, ಹೈಸ್ಕೂಲು ಮುಗಿಸಿದ್ದಕ್ಕೆ ಸಮನಾದ ಪರೀಕ್ಷೆ ಇದೆ, ಅದನ್ನು ಶುರು ಮಾಡಿದ್ದು 1942ರಲ್ಲಿ, ಓದು ನಿಲ್ಲಿಸಿ ಯುದ್ಧಕ್ಕೆ ಹೋದ ಸೈನಿಕರಿಗಾಗಿ. ಎರಡರಲ್ಲೂ ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಿಕೊಳ್ಳಬಹುದು. ಈ ಅನುಕೂಲವನ್ನು ಖಂಡಿತ ಬಳಸಿಕೊಳ್ಳಿ. ಅವರಿಗೆ ಸುಲಭವಾದ ವಿಷಯವನ್ನೇ ಮೊದಲು ಬರೆಸಿ. ಒಂದು ಪಾಸಾದ ಮೇಲೆ ಅವರು ಕೂರುವ ರೀತಿಯೇ ಬದಲಾಗುತ್ತದೆ.

ಕಣ್ಣು ಪರೀಕ್ಷೆ ಮಾಡಿಸಿ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಪುಸ್ತಕವನ್ನು ತೋಳುದ್ದ ಹಿಡಿಯುತ್ತಿದ್ದಾರಾ, ಬೆಳಕಿನ ಕಡೆ ತಿರುಗಿಸುತ್ತಿದ್ದಾರಾ ಅಂತ ಗಮನಿಸಿ. "ನನಗೆ ಓದು ಮರೆತೇಹೋಗಿದೆ" ಎನ್ನುತ್ತಿದ್ದ ಒಬ್ಬ ಅಣ್ಣ ಕನ್ನಡಕ ಹಾಕಿಕೊಂಡು ಒಂದು ಪುಟ ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು ಕೈಯಲ್ಲೇ ಹಿಡಿದುಕೊಂಡು ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ಲೆಕ್ಕ ಕಲಿಸುವುದು ನಮ್ಮವರ ಪಾಲು. ಭಿನ್ನರಾಶಿ ಬಂದರೆ ಎಲ್ಲರೂ ಹೆದರುತ್ತಾರೆ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಅಂದರೆ, ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿಸಿ ಐದನೇ ಎರಡು ಅಂತ ಬರೆಯುತ್ತಾರೆ. ನಮ್ಮವರು ತಪ್ಪು ಅನ್ನುವುದಿಲ್ಲ. ಉದ್ದನೆಯ ಕಾಗದದ ಪಟ್ಟಿ ಕೊಟ್ಟು ಆರು ಸಮ ಮಡಿಕೆ ಮಾಡಿಸುತ್ತಾರೆ. ಅರ್ಧ ಅಂದರೆ ಎಷ್ಟು ಮನೆ? ಮೂರು. ಮೂರನೇ ಒಂದು ಅಂದರೆ? ಎರಡು. ಒಟ್ಟು ಆರರಲ್ಲಿ ಐದು. "ಐದನೇ ಎರಡು ಅರ್ಧಕ್ಕಿಂತಲೂ ಕಡಿಮೆ ಅಲ್ವಾ? ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅದಕ್ಕಿಂತ ಕಡಿಮೆ ಆಗುತ್ತಾ?" ಎಂದು ಕೇಳುತ್ತಾರೆ. ಬಡಗಿ ಕೆಲಸ ಮಾಡಿದ್ದ ಒಬ್ಬರು ಪಟ್ಟಿಯನ್ನು ಬೆರಳಲ್ಲಿ ಅಳೆದು ನೋಡಿ, "ಇದನ್ನು ನಾನು ಇಷ್ಟು ವರ್ಷ ಟೇಪಿನಲ್ಲಿ ಮಾಡ್ತಾನೇ ಇದ್ದೆನಲ್ಲಾ ಸಾರ್" ಎಂದರು. ಅವರ ಕೈಗೆ ಆಗಲೇ ಗೊತ್ತಿದ್ದ ಲೆಕ್ಕವದು.

ಬರೆಯುವ ಅಭ್ಯಾಸವನ್ನು ಮೊದಲ ವಾರದಿಂದಲೇ ಶುರು ಮಾಡಿಸಿ. ಉತ್ತರ ಗೊತ್ತಿದ್ದೂ ಕೈ ನೋವಿಗೆ ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ, ನಿಧಾನಕ್ಕೆ ಏರಿಸಿ. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಸಿ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಅದನ್ನೇ ಕೇಳಿ. ಹತ್ತು ಸಲ ಓದಿಸುವುದಕ್ಕಿಂತ ಇದು ಚೆನ್ನಾಗಿ ನಿಲ್ಲುತ್ತದೆ.

ಎಲ್ಲಕ್ಕಿಂತ ಕಷ್ಟ, ಅವರು ಪಾಠಕ್ಕೆ ಬರುವುದನ್ನು ನಿಲ್ಲಿಸಿದಾಗ. ಕೆಲಸವಿಲ್ಲದವರಿಗೆ ನಾಲ್ಕು ದಿನದ ಕೂಲಿ ಸಿಕ್ಕರೆ ಹೋಗಲೇಬೇಕು. ಆಮೇಲೆ ನಾಚಿಕೆ. ಪಾಠ ಎಲ್ಲೋ ಮುಂದೆ ಹೋಗಿರುತ್ತೆ, ಏನು ಮುಖ ಹೊತ್ತು ಹೋಗಲಿ ಅಂತ ಅಲ್ಲೇ ನಿಲ್ಲುತ್ತಾರೆ. ಅದಕ್ಕೇ ನಾವು ಪ್ರತಿ ಪಾಠವನ್ನೂ ಒಂದೇ ಕೂತಲ್ಲಿ ಶುರುವಾಗಿ ಮುಗಿಯುವ ಹಾಗೆ ಮಾಡಿಕೊಂಡಿದ್ದೇವೆ. ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್. ಎಲ್ಲಿಗೆ ನಿಲ್ಲಿಸಿದರು ಅಂತ ಅದರಲ್ಲಿ ಬರೆದಿಡುತ್ತೇನೆ. ವಾರ ಕಳೆದರೆ ನಾನೇ ಫೋನ್ ಮಾಡುತ್ತೇನೆ. ಯಾಕೆ ಬರಲಿಲ್ಲ ಅಂತ ಕೇಳುವುದಿಲ್ಲ. "ನಿಮ್ಮ ಪುಸ್ತಕ ಇಲ್ಲೇ ಇದೆ, ಇಪ್ಪತ್ತೆರಡನೇ ಪುಟ" ಅನ್ನುತ್ತೇನೆ, ಅಷ್ಟೇ.

ಇಬ್ಬರಿರುವುದರ ಲಾಭ ಇಲ್ಲಿ ಕಾಣುತ್ತದೆ. ತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಒಬ್ಬರು ಪಾಠ ಮಾಡಿದರೆ ಇನ್ನೊಬ್ಬರು ಮಗುವನ್ನು ಎತ್ತಿಕೊಳ್ಳಬಹುದು. ಮನೆಯಲ್ಲಿ ಗಂಡನಿಗೋ ಅತ್ತೆಗೋ ಸಮಾಧಾನ ಹೇಳಬೇಕಾದಾಗ ಇಬ್ಬರೂ ಹೋಗಿ.

ಪಾಠವನ್ನು ಪ್ರಾರ್ಥನೆಗೆ ಬರಬೇಕೆಂಬ ಷರತ್ತಿಗೆ ಮಾತ್ರ ಕಟ್ಟಬೇಡಿ. ನಮ್ಮ ನಂಬಿಕೆ ನಮ್ಮನ್ನು ಅವರ ಬಳಿ ಕಳಿಸಿತು, ನಿಜ. ಆದರೆ ಹಂಗಿನಲ್ಲಿ ಕೂತವರಿಗೆ ಪಾಠವೂ ತಲೆಗೆ ಹೋಗುವುದಿಲ್ಲ, ನಂಬಿಕೆಯೂ ಹುಟ್ಟುವುದಿಲ್ಲ.

ಪಾಸಾದವರಿಂದ ಹೊಸಬರಿಗೆ ಪಾಠ ಹೇಳಿಸಿ. ಫ್ರ್ಯಾಂಕ್ ಲಾಬಾಕ್ ಎಂಬ ಮಿಷನರಿ 1930ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಇದನ್ನೇ ಮಾಡಿದರು. ಕಲಿಸುವವರಿಗೆ ಕೊಡಲು ದುಡ್ಡು ಇಲ್ಲದಾದಾಗ, ಕಲಿತ ಒಬ್ಬೊಬ್ಬರೂ ಇನ್ನೊಬ್ಬರಿಗೆ ಕಲಿಸಬೇಕು ಅಂತ ಆಯಿತು. ನಮ್ಮಲ್ಲಿ ಈಗ ಭಿನ್ನರಾಶಿ ಹೇಳಿಕೊಡುವುದು ಆ ಬಡಗಿ ಅಣ್ಣನೇ.

ಪರೀಕ್ಷೆಯ ಹಿಂದಿನ ದಿನ ಅವರನ್ನು ಕರೆದುಕೊಂಡು ಹೋಗಿ ಕೇಂದ್ರ ತೋರಿಸಿ. ಗೇಟು, ಕೊಠಡಿ, ಶೌಚಾಲಯ ಎಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ಅಂಕಪಟ್ಟಿ ಕೈಗೆ ಬಂದ ದಿನ, ಖುಷಿಯ ಮಧ್ಯೆಯೂ ಹೆಸರು ಮತ್ತು ಹುಟ್ಟಿದ ತಾರೀಖನ್ನು ಅಲ್ಲೇ ನಿಂತು ಓದಿಸಿ. ಆ ಅಕ್ಕ ಮುಂದಿನ ಸಲ ಪಾಸಾದಾಗ, ತಮ್ಮ ಹೆಸರನ್ನು ನಮಗೆ ಎರಡು ಸಲ ಜೋರಾಗಿ ಓದಿ ಹೇಳಿದರು.