ನಾಟಕದ ಸ್ಕ್ರಿಪ್ಟ್ ಬಿಡಿಸಿ ಓದುವುದು ಹೇಗೆ?

ರಂಗಶಾಲೆಗೆ ಸೇರಿದ ಹೊಸದರಲ್ಲಿ ಎಲ್ಲರಿಗೂ ಒಂದೇ ಅವಸರ. ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ತಮ್ಮ ಪಾತ್ರದ ಮಾತುಗಳಿಗೆ ಬಣ್ಣದ ಗೆರೆ ಎಳೆದು ಬಾಯಿಪಾಠಕ್ಕೆ ಕೂತುಬಿಡುತ್ತಾರೆ. ಇನ್ನು ಕೆಲವರು ‘ಈ ನಾಟಕದ ಸಂದೇಶ ಏನು?’ ಅಂತ ಮೊದಲ ಪುಟದಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ. ಎರಡೂ ಬೇಡ. ಯಾರು, ಯಾರಿಗೆ, ಏನು ಮಾಡುತ್ತಿದ್ದಾರೆ, ಅದೂ ಈಗಲೇ ಯಾಕೆ? ಸ್ಕ್ರಿಪ್ಟಿಗೆ ಮೊದಲು ಕೇಳಬೇಕಾದದ್ದು ಇಷ್ಟೇ.

ಮೊದಲ ಓದು: ಪೆನ್ಸಿಲ್ ದೂರ ಇಡಿ

ಒಂದೇ ಸಲಕ್ಕೆ ಕೂತು ಪೂರ್ತಿ ಓದಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮುಂದೇನಾಗುತ್ತದೋ ಗೊತ್ತಿಲ್ಲದೆ, ಪ್ರೇಕ್ಷಕರ ಹಾಗೆ ಈ ನಾಟಕವನ್ನು ಓದುವ ಅವಕಾಶ ನಿಮಗೆ ಸಿಗುವುದು ಒಂದೇ ಸಲ. ಓದಿ ಮುಗಿದ ಮೇಲೆ ಎಲ್ಲಿ ಬೆಚ್ಚಿಬಿದ್ದಿರಿ, ಎಲ್ಲಿ ಆಕಳಿಸಿದಿರಿ, ಎಲ್ಲಿ ಗೊಂದಲವಾಯಿತು ಅಂತ ನಾಲ್ಕು ಸಾಲು ಬರೆದಿಡಿ.

ಎರಡನೇ ಓದು: ಗೊತ್ತಿರುವುದು, ಗೊತ್ತಿಲ್ಲದ್ದು

ಈಗ ಪೆನ್ಸಿಲ್ ತೆಗೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ. ಸ್ಕ್ರಿಪ್ಟ್ ಖಚಿತವಾಗಿ ಹೇಳುವ ಸಂಗತಿಗಳು ಒಂದರಲ್ಲಿ, ನಿಮಗೆ ಏಳುವ ಪ್ರಶ್ನೆಗಳು ಇನ್ನೊಂದರಲ್ಲಿ. ಪ್ರತಿ ಸಂಗತಿಯ ಪಕ್ಕ ಪುಟಸಂಖ್ಯೆ ಇರಲೇಬೇಕು. ಪುಟ ತೋರಿಸಲು ಆಗದಿದ್ದರೆ ಅದು ನಿಮ್ಮ ಊಹೆ. ಊಹೆ ತಪ್ಪಲ್ಲ, ಆದರೆ ಅದರ ಜಾಗ ಪ್ರಶ್ನೆಗಳ ಕಾಲಂ.

ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಶುರುವಾಗುವುದನ್ನೇ ನೋಡಿ. ಕೋಟೆಯ ಪಹರೆ. ‘ಯಾರದು?’ ಎನ್ನುವುದೇ ನಾಟಕದ ಮೊದಲ ಮಾತು. ಸುಮ್ನೆ ಓದಿದರೆ ಇದರಲ್ಲಿ ಏನೂ ಇಲ್ಲ, ಅಲ್ವಾ? ಆದರೆ ಕೇಳುತ್ತಿರುವವನು ಬರ್ನಾರ್ಡೋ, ಪಾಳಿ ಬದಲಿಸಲು ಈಗ ತಾನೇ ಬರುತ್ತಿರುವವನು. ಕಾವಲಿಗೆ ನಿಂತಿರುವವನು ಫ್ರಾನ್ಸಿಸ್ಕೋ. ಹಾಗೆ ಕೇಳುವುದು ಅವನ ಕೆಲಸ. ‘ಇಲ್ಲ, ನೀನು ಹೇಳು’ ಅಂತ ಅವನು ತಿರುಗಿಬೀಳುತ್ತಾನೆ. ಬಂದವನೇ ಯಾಕೆ ಮೊದಲು ಕೇಳಿದ? ಇದು ಪ್ರಶ್ನೆಗಳ ಕಾಲಂಗೆ. ಮುಂದಿನ ಸಾಲುಗಳಲ್ಲಿ ಗಂಟೆ 12 ಹೊಡೆದಿದೆ, ಕೊರೆಯುವ ಚಳಿ ಇದೆ ಎಂದು ತಿಳಿಯುತ್ತದೆ. ಇವು ಸಂಗತಿಗಳ ಕಾಲಂಗೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಬರ್ನಾರ್ಡೋ ಈಗಾಗಲೇ ಎರಡು ಸಲ ಭೂತವನ್ನು ನೋಡಿದ್ದಾನೆ ಎನ್ನುವುದು ಹೊರಬರುತ್ತದೆ. ಅಲ್ಲಿಗೆ ಆ ಮೊದಲ ಮಾತನ್ನು ಯಾವ ದನಿಯಲ್ಲಿ ಆಡಬೇಕು ಅನ್ನುವುದಕ್ಕೆ ನಟನಿಗೆ ಒಂದು ಆಧಾರ ಸಿಕ್ಕಿತು. ಆ ಕಾಲದಲ್ಲಿ ಗ್ಲೋಬ್‌ನಂಥ ತೆರೆದ ರಂಗಮಂದಿರಗಳಲ್ಲಿ ನಾಟಕ ನಡೆಯುತ್ತಿದ್ದದ್ದು ಹಗಲು ಬೆಳಕಿನಲ್ಲಿ. ಹಾಗಾಗಿ ಕತ್ತಲು, ಚಳಿ ಎಲ್ಲವನ್ನೂ ಮಾತೇ ತರಬೇಕಿತ್ತು. ಹಳೆಯ ನಾಟಕಗಳಲ್ಲಿ ರಂಗಸೂಚನೆ ಕಡಿಮೆ ಅಂತ ಗೊಣಗುವ ಮೊದಲು ಮಾತುಗಳ ಒಳಗೆ ಹುಡುಕಿ.

ರಂಗಸೂಚನೆಯ ಬಗ್ಗೆ ಇನ್ನೊಂದು ಮಾತು. ಕೆಲವು ಮುದ್ರಿತ ಪ್ರತಿಗಳಲ್ಲಿರುವ ಸೂಚನೆಗಳು ನಾಟಕಕಾರರದ್ದೇ ಅಲ್ಲ, ಮೊದಲ ಪ್ರಯೋಗದ ತಂಡ ಬರೆದಿಟ್ಟುಕೊಂಡವು. ಅವನ್ನು ವೇದವಾಕ್ಯ ಎಂದುಕೊಳ್ಳಬೇಡಿ.

ದೃಶ್ಯವನ್ನು ತುಂಡು ಮಾಡಿ

ಒಂದು ಪಾತ್ರದ ಉದ್ದೇಶ ಬದಲಾದಾಗ, ಯಾರಾದರೂ ಒಳಗೆ ಬಂದಾಗ, ಹೊಸ ಸುದ್ದಿ ಬಿದ್ದಾಗ ಅಡ್ಡಗೆರೆ ಎಳೆಯಿರಿ. ಪ್ರತಿ ತುಂಡಿಗೂ ಒಂದು ಕ್ರಿಯಾಪದ ಕೊಡಿ: ಬೇಡುತ್ತಾಳೆ, ಹೆದರಿಸುತ್ತಾನೆ, ಮರೆಸುತ್ತಾಳೆ. ‘ದುಃಖದಲ್ಲಿದ್ದಾಳೆ’ ಎಂದು ಬರೆದರೆ ತಾಲೀಮಿನಲ್ಲಿ ಉಪಯೋಗವಿಲ್ಲ, ಏಕೆಂದರೆ ಅದನ್ನು ಎದುರಿನವರ ಮೇಲೆ ‘ಮಾಡಲು’ ಆಗುವುದಿಲ್ಲ. ಪಾತ್ರಕ್ಕೆ ಏನು ಬೇಕು ಎಂದು ಹುಡುಕುವ ಈ ರೂಢಿಯ ಬೇರು ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಟರಿಗೆ ಕೊಡುತ್ತಿದ್ದ ತರಬೇತಿಯಲ್ಲಿದೆ.

1879ರಲ್ಲಿ ಬಂದ ಇಬ್ಸೆನ್‌ನ ‘ಗೊಂಬೆಮನೆ’ಯ ಮೊದಲ ಪುಟಗಳಲ್ಲಿ ನೋರಾ ಕದ್ದು ಸಿಹಿ ತಿನ್ನುತ್ತಾಳೆ. ಗಂಡನ ದನಿ ಕೇಳಿದ್ದೇ ಪೊಟ್ಟಣ ಜೇಬಿಗಿಳಿಸಿ ಬಾಯಿ ಒರೆಸಿಕೊಳ್ಳುತ್ತಾಳೆ. ಅವನು ಕೇಳಿದರೆ ತಿಂದೇ ಇಲ್ಲ ಎನ್ನುತ್ತಾಳೆ. ಕ್ರಿಯಾಪದ: ಬಚ್ಚಿಡುತ್ತಾಳೆ. ಅವಳು ಮಾಡಿದ ಸಾಲದ ದೊಡ್ಡ ಗುಟ್ಟು ನಮಗೆ ತಿಳಿಯುವುದು ಆಮೇಲೆ. ಆದರೆ ಬಚ್ಚಿಡುವುದು ಅವಳಿಗೆ ಅಭ್ಯಾಸವಾಗಿದೆ ಎಂದು ಸಿಹಿಯ ಪೊಟ್ಟಣ ಮೊದಲೇ ಹೇಳಿಬಿಟ್ಟಿದೆ.

ಕೊನೆಯಿಂದ ಹಿಂದಕ್ಕೆ

ಕೊನೆಯ ಘಟನೆ ಹಿಡಿದು ‘ಇದು ಯಾವುದರಿಂದ ಆಯಿತು?’ ಎಂದು ಕೇಳುತ್ತಾ ಮೊದಲ ಪುಟದವರೆಗೆ ಬನ್ನಿ. ಕೊಂಡಿ ಎಲ್ಲಾದರೂ ತಪ್ಪಿದರೆ ನೀವು ಏನನ್ನೋ ಗಮನಿಸದೆ ಬಿಟ್ಟಿರುವುದೇ ಜಾಸ್ತಿ. ಅಲ್ಲಿ ಮತ್ತೆ ಓದಿ.

ಜೋರಾಗಿ ಓದಿ, ಜಗಳವಾಡಿ

ಗೆಳೆಯರನ್ನು ಕೂರಿಸಿಕೊಂಡು ಜೋರಾಗಿ ಓದಿ. ಕಣ್ಣಿಗೆ ಕಾಣದ ನಗು, ಮೌನ ಕಿವಿಗೆ ಸಿಗುತ್ತವೆ. ಭಿನ್ನಾಭಿಪ್ರಾಯ ಬಂದೇ ಬರುತ್ತದೆ. 1904ರಲ್ಲಿ ಮಾಸ್ಕೋದಲ್ಲಿ ಚೆಕಾಫ್‌ನ ‘ಚೆರ್‍ರಿ ತೋಪು’ ಮೊದಲು ರಂಗಕ್ಕೆ ಬಂದಾಗ, ಬರೆದವನು ಇದು ಕಾಮಿಡಿ ಎನ್ನುತ್ತಿದ್ದ. ಆಡಿಸಿದ ಸ್ತಾನಿಸ್ಲಾವ್‌ಸ್ಕಿಗೆ ಅದು ದುರಂತವಾಗಿ ಕಂಡಿತ್ತು. ಇದ್ದದ್ದು ಒಂದೇ ಸ್ಕ್ರಿಪ್ಟ್. ನೀವು ಯಾವ ಕಡೆ ನಿಂತರೂ ಪರವಾಗಿಲ್ಲ, ‘ನನಗೆ ಹಾಗನ್ನಿಸಿತು’ ಎನ್ನುವ ಬದಲು ಸಾಲಿನ ಮೇಲೆ ಬೆರಳಿಟ್ಟು ತೋರಿಸಿ.

ಇಷ್ಟೆಲ್ಲ ಆದ ಮೇಲೂ ಪ್ರಶ್ನೆಗಳ ಕಾಲಂ ಖಾಲಿಯಾಗುವುದಿಲ್ಲ. ಉತ್ತರ ಸಿಗದವನ್ನು ಅಳಿಸಬೇಡಿ. ತಾಲೀಮಿನ ಮೊದಲ ದಿನ ನೋಟ್‌ಬುಕ್ ಜೊತೆಗಿರಲಿ. ಒಂದೊಂದು ಪ್ರಶ್ನೆಗೂ ಎರಡೆರಡು ಉತ್ತರ ಊಹಿಸಿಕೊಂಡು, ಅದೇ ದೃಶ್ಯವನ್ನು ಎರಡೂ ರೀತಿಯಲ್ಲಿ ಆಡಿ ನೋಡೋಣ ಎಂದು ನಿರ್ದೇಶಕರನ್ನು ಕೇಳಿ.